ಹೆಚ್ಚೇನೂ ಕೆಟ್ಟಿಲ್ಲ

ಯೋಲೆಟ್ ಆ ವರದಿಯನ್ನು ಮೊದಲ ಸಲ ಓದಿದ್ದು ತಾನು ಆರೈಕೆಗೆ ಹೋಗುತ್ತಿದ್ದ ಮಿಸೆಸ್ ಗ್ರೋವರ್ ಅವರ ಅಡುಗೆಮನೆಯಲ್ಲಿ, ಮುದುಕಿಯ ಓಟ್ಸ್ ಗಂಜಿ ಆರಲೆಂದು ಕಾಯುತ್ತ ನಿಂತಿದ್ದಾಗ. ಫೋನಿನ ಅಕ್ಷರ ಸಣ್ಣದು, ಕನ್ನಡಕ ಚೀಲದಲ್ಲಿತ್ತು. ತಾನೇ ತಪ್ಪು ಓದಿರಬೇಕು ಎಂದುಕೊಂಡು ಕನ್ನಡಕ ಹಾಕಿಕೊಂಡು ಮತ್ತೆ ಓದಿದಳು. ಸಮೀಕ್ಷೆಗೆ ಉತ್ತರಿಸಿದವರು ನಲವತ್ತಾರು ಜನ. ಪರಿಸ್ಥಿತಿ ಸುಧಾರಿಸಿದೆ ಎಂದವರು ನಾಲ್ವರು. ಯಾವ ಬದಲಾವಣೆಯೂ ಇಲ್ಲ ಎಂದವರು ನಲವತ್ತೆರಡು.

ಗಂಜಿ ಆರಿತು, ಆಮೇಲೆ ತಣ್ಣಗಾಯಿತು. ಅದನ್ನು ಮತ್ತೆ ಬಿಸಿಮಾಡಬೇಕಾಯಿತು.

ಬಾಸ್ಟನ್ನಿನ ಮ್ಯಾಟಪ್ಯಾನ್ ಬಡಾವಣೆಯ ಚರ್ಚೊಂದರ ನೆಲಮಾಳಿಗೆಯಲ್ಲಿ ಏಳು ವರ್ಷದಿಂದ ಅವಳು ನಡೆಸಿಕೊಂಡು ಬಂದಿದ್ದ ಸಂಸ್ಥೆಯ ಹೆಸರು ಲಕೂ. ಅವರ ಹೈಟಿಯಲ್ಲಿ ಹಾಗೆಂದರೆ ವಠಾರ, ನಾಲ್ಕಾರು ಮನೆಗೆ ಒಂದೇ ಅಂಗಳ. ಮಂಗಳವಾರ, ಗುರುವಾರ ಮಧ್ಯಾಹ್ನ ಮೂರರಿಂದ ಏಳರವರೆಗೆ ಅದು ತೆರೆದಿರುತ್ತಿತ್ತು. ಅರ್ಜಿ ತುಂಬಿಸಲು ಬರುವವರು, ಮಗನ ಶಾಲೆಯಿಂದ ಬಂದ ಕಾಗದ ಓದಿಸಲು ಬರುವವರು, ಇಂಗ್ಲಿಷ್ ಕಲಿಯುವವರು, ಏನೂ ಕೆಲಸವಿಲ್ಲದೆ ಸುಮ್ಮನೆ ಕೂರಲು ಬರುವವರು. ಈಗ ಚರ್ಚಿನ ಕಟ್ಟಡ ಮಾರಾಟವಾಗಿತ್ತು. ಜೂನ್ ಕೊನೆಗೆ ಕೀಲಿ ಒಪ್ಪಿಸಬೇಕು. ಹೋಗಲು ಒಂದೇ ಜಾಗ ಕಂಡಿತ್ತು: ಬ್ಲೂ ಹಿಲ್ ಅವೆನ್ಯೂ ಪಕ್ಕದ ಆರೋಗ್ಯ ಕೇಂದ್ರದ ನೆಲಮಹಡಿಯ ಎರಡು ಕೋಣೆ. ಹೈಟಿಯವರ ಸಣ್ಣ ಸಂಸ್ಥೆಗಳಿಗೆ ತರಬೇತಿ ಕೊಡುವ ಒಕ್ಕೂಟವೊಂದು ಆ ಕೇಂದ್ರದೊಡನೆ ಮಾತಾಡಿ, ತನ್ನಲ್ಲಿ ಒಂದು ವರ್ಷ ಕಲಿತ ಒಂದು ಸಂಸ್ಥೆಗೆ ಆ ಕೋಣೆಗಳನ್ನು ಕೊಡಿಸುವ ಏರ್ಪಾಟು ಮಾಡಿತ್ತು. ಯೋಲೆಟ್ ಆ ಒಂದು ವರ್ಷ ಪ್ರತಿ ಬುಧವಾರ ಸಂಜೆ, ಕೆಲಸದ ದಣಿವಿನಲ್ಲೇ ಬಸ್ಸು ಹತ್ತಿ ಹೋಗಿ ಪಾಠ ಕೇಳಿದ್ದಳು. ಐವತ್ತೇಳನೇ ವಯಸ್ಸಿನಲ್ಲಿ ಕೆಂಪು ಪೆನ್ನಿನಿಂದ ಅಡಿಗೆರೆ ಹಾಕಿ ನೋಟ್ಸ್ ಬರೆದುಕೊಂಡಿದ್ದಳು. ಲಕೂಗೆ ಬರುವವರಿಂದ ಬರೆಸಿದ ಹಾಳೆಗಳನ್ನು ಓದಿ ಆ ವರದಿ ಮಾಡಿದ್ದೂ ಒಕ್ಕೂಟವೇ. ಕೇಂದ್ರದ ಮುಖ್ಯಸ್ಥೆ ಗುರುವಾರ ಬಂದು ನೋಡಿ ತೀರ್ಮಾನಿಸುತ್ತಾರೆ ಎಂದು ವರದಿಯ ಜೊತೆ ಬರೆದಿತ್ತು. ಆ ದಿನ ಮಂಗಳವಾರ.

ಎರಡು ಗಂಟೆಗೆ ಕೆಲಸ ಮುಗಿಸಿ ಮಿಸೆಸ್ ಗ್ರೋವರ್ ಮನೆಯಿದ್ದ ಮಿಲ್ಟನ್ನಿನಿಂದ ಟ್ರಾಲಿ ರೈಲು ಹಿಡಿದಳು. ದಾರಿಯುದ್ದಕ್ಕೂ ತನ್ನ ತಪ್ಪುಗಳನ್ನೇ ಹುಡುಕಿದಳು. ಅದು ಅವಳಿಗೆ ಹೊಸದಲ್ಲ. ಯಾರಾದರೂ ಕೆಮ್ಮಿದರೂ ತಾನು ಕಿಟಕಿ ತೆರೆದಿಟ್ಟದ್ದೇ ಕಾರಣ ಎನ್ನುವ ಜಾತಿ ಅವಳದು. ಜನರಿಗೆ ಇವಳಿಂದ ಏನೂ ಆಗಿಲ್ಲವೇ? ಏಳು ವರ್ಷ ಕುರ್ಚಿ ಹಾಕಿ ಕುರ್ಚಿ ಮಡಿಸಿದ್ದಷ್ಟೇ ಬಂತೇ? ಅಂಗಡಿಗಳ ಗಾಜಿನ ಮೇಲೆ ಹೈಟಿಯ ಧ್ವಜದ ದಿನಕ್ಕೆಂದು ಅಂಟಿಸಿದ್ದ ನೀಲಿ ಕೆಂಪು ಕಾಗದಗಳು ಇನ್ನೂ ಇದ್ದವು. ಒಂದೆರಡು ಅರ್ಧ ಕಿತ್ತುಬಂದು ಗಾಳಿಗೆ ಬಡಿದುಕೊಳ್ಳುತ್ತಿದ್ದವು.

ನೆಲಮಾಳಿಗೆಯಲ್ಲಿ ಓಡಿಲೋನ್ ಆಗಲೇ ಬಂದು ಶುಂಠಿ ಚಹಾ ಕುದಿಸುತ್ತಿದ್ದ. ಎಪ್ಪತ್ತನಾಲ್ಕರ ಮುದುಕ, ಹೈಟಿಯ ಜೆರೆಮಿಯಲ್ಲಿ ದರ್ಜಿಯಾಗಿದ್ದವನು. ಬಾಗಿಲು ತೆಗೆಯುವುದು, ಚಹಾ ಮಾಡುವುದು, ಬಂದವರ ಅಂಗಿಯ ಹೊಲಿಗೆಯಲ್ಲಿ ದೋಷ ಹೇಳುವುದು ಅವನ ಪಾಲಿನ ಕೆಲಸ. ಒಕ್ಕೂಟಕ್ಕೆ ಪ್ರತಿ ಕಳಿಸಿ ಉಳಿಸಿಕೊಂಡಿದ್ದ ಸಮೀಕ್ಷೆಯ ಹಾಳೆಗಳ ಪೆಟ್ಟಿಗೆಯನ್ನು ಯೋಲೆಟ್ ಬೀರುವಿನಿಂದ ಇಳಿಸಿ ಮೇಜಿನ ಮೇಲಿಟ್ಟು ಒಂದೊಂದಾಗಿ ತೆಗೆದು ಓದತೊಡಗಿದಳು. ಮೊದಲನೆಯದರಲ್ಲಿ, ಹೈಟಿಯ ಮಾತು ಕ್ರಿಯೋಲಿನಲ್ಲಿ, ‘ಪಾ ಪಿ ಮಾಲ್’ ಎಂದಿತ್ತು. ಹೆಚ್ಚೇನೂ ಕೆಟ್ಟಿಲ್ಲ. ಎರಡನೆಯದರಲ್ಲೂ ಪಾ ಪಿ ಮಾಲ್. ಮೂರನೆಯದರಲ್ಲಿ, ಇದ್ದೀವಿ. ನಾಲ್ಕನೆಯದರಲ್ಲಿ, ಹಿಡಕೊಂಡಿದ್ದೀವಿ. ಆಮೇಲೆ ಸಾಲಾಗಿ ಏಳು ಹಾಳೆ, ಪಾ ಪಿ ಮಾಲ್.

ಒಕ್ಕೂಟದ ಕಚೇರಿಯಲ್ಲಿ ಯಾರೋ, ಅಥವಾ ಯಾವುದೋ ಯಂತ್ರ, ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿತ್ತು. ಮೊದಲಿಗಿಂತ ಕೆಟ್ಟಿಲ್ಲ, ಅಂದರೆ ಮೊದಲಿನಂತೆಯೇ ಇದೆ, ಅಂದರೆ ಬದಲಾವಣೆ ಇಲ್ಲ.

ಓಡಿಲೋನ್ ಚಹಾದ ಲೋಟ ಅವಳ ಮುಂದಿಟ್ಟು ಹಾಳೆಗಳತ್ತ ಬಗ್ಗಿ ನೋಡಿದ.

“ಏನಂತ ಕೇಳಿದ್ದೆ ಜನರನ್ನ?”

“ಈಗ ಹೇಗಿದ್ದೀರಿ ಅಂತ.”

ನಗು ಓಡಿಲೋನ್‌ನ ಹೊಟ್ಟೆಯಿಂದ ಎದ್ದು ಬಂತು. ನಕ್ಕು, ಕೆಮ್ಮಿ, ಗೋಡೆ ಹಿಡಿದು ನಿಂತ.

“ಅಲ್ಲ ಮಾರಾಯ್ತಿ, ಹೇಗಿದ್ದೀರಿ ಅಂತ ಕೇಳಿದ್ರೆ ಹೈಟಿಯೋರು ಇನ್ನೇನು ಹೇಳ್ತಾರೆ? ಹೆಣ ಹೊತ್ಕೊಂಡು ಹೋಗೋನನ್ನ ಕೇಳಿದ್ರೂ ಹೆಚ್ಚೇನೂ ಕೆಟ್ಟಿಲ್ಲ ಅಂತಾನೆ. ಲಾಟರಿ ಹೊಡೆದೋನೂ ಅದನ್ನೇ ಅಂತಾನೆ, ಇನ್ನೂ ಸ್ವಲ್ಪ ಮೆಲ್ಲಗೆ ಅಂತಾನೆ.”

ಯೋಲೆಟ್‌ಗೆ ನಗು ಬರಲಿಲ್ಲ. ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಸ್ಪಷ್ಟವಾಗಿ ನೆನಪಾಯಿತು. ಒಕ್ಕೂಟ ಕೊಟ್ಟ ಪ್ರಶ್ನೆ ಉದ್ದವಾಗಿತ್ತು: ಲಕೂಗೆ ಬರಲು ಶುರುಮಾಡಿದ ಮೇಲೆ ನಿಮ್ಮ ಪರಿಸ್ಥಿತಿಯಲ್ಲಿ ಯಾವ ಬದಲಾವಣೆ ಕಂಡಿದ್ದೀರಿ. ಅದನ್ನು ಅವಳು ಕ್ರಿಯೋಲಿನಲ್ಲಿ ಬರೆದಾಗ ಎರಡು ಸಾಲು ದಾಟಿತು. ಓದುವವರು ಅರ್ಧದಲ್ಲೇ ಹಾಳೆ ಕೆಳಗಿಡುತ್ತಿದ್ದರು. ಪ್ರಶ್ನೆ ಚಿಕ್ಕದಾಗಿರಲಿ, ಉತ್ತರವನ್ನು ಅವರ ಬಾಯಿಗೆ ತುರುಕಬೇಡಿ ಎಂದು ಪಾಠದಲ್ಲಿ ಹೇಳಿದ್ದರು. ಅವಳು ಎರಡನ್ನೂ ಪಾಲಿಸಿದ್ದಳು. ಪ್ರಶ್ನೆಯನ್ನು ಚಿಕ್ಕದು ಮಾಡಿದಳು, ಮತ್ತೂ ಚಿಕ್ಕದು ಮಾಡಿದಳು, ಕೊನೆಗೆ ಉಳಿದದ್ದು ದಾರಿಯಲ್ಲಿ ಎದುರಾದವರು ಕೇಳುವ ಮಾತು.

ವರದಿಯಲ್ಲಿದ್ದುದನ್ನು ಹೇಳಿದಾಗ, ಸುಧಾರಿಸಿದೆ ಎಂದ ಆ ನಾಲ್ವರು ಯಾರೆಂದು ಓಡಿಲೋನ್ ಕೇಳಿದ. ಹುಡುಕಿ ನೋಡಿದರೆ, ಇಂಗ್ಲಿಷ್ ತರಗತಿಯ ಮೂವರು ಹೊಸ ಪಾಠದ ಉತ್ಸಾಹದಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದರು. ನಾಲ್ಕನೆಯವನು ಪೈಪು ರಿಪೇರಿಗೆ ಬಂದಿದ್ದ, ಹೈಟಿಯ ನೆರೆದೇಶದ ಡೊಮಿನಿಕನ್. ಅವನಿಗೂ ಯಾರೋ ಒಂದು ಹಾಳೆ ಕೊಟ್ಟಿದ್ದರು.

“ನೋಡಿದ್ಯಾ,” ಎಂದ ಓಡಿಲೋನ್. “ನಮ್ಮ ಲಕೂನಿಂದ ಉದ್ಧಾರ ಆದೋನು ಅವನೊಬ್ಬನೇ.”

ಇದನ್ನು ಸರಿಪಡಿಸಲು ಸುಲಭದ ದಾರಿ ಒಂದಿದೆ ಎಂದು ಅವಳಿಗೆ ಅನಿಸಿತು. ಆ ಸಂಜೆ ಬಂದವರಿಗೆ ಹೊಸ ಹಾಳೆ ಕೊಡುವುದು. ಮೊದಲು ಸಿಕ್ಕವಳು ಕ್ಲೆರ್ಮಿಜ್, ಹೋಟೆಲಿನಲ್ಲಿ ಕೋಣೆಗಳನ್ನು ಶುಚಿಮಾಡುವವಳು. ಕಳೆದ ಚಳಿಗಾಲದಲ್ಲಿ ಅವಳ ಮಗಳನ್ನು ಶಾಲೆಯವರು ಕಿವಿ ಕೇಳದವಳೆಂದು ಬೇರೆ ಕಡೆ ಹಾಕಲು ಹೊರಟಿದ್ದರು. ಆ ಹುಡುಗಿಗೆ ಕಿವಿ ಸರಿಯಾಗೇ ಇದೆ, ಇಂಗ್ಲಿಷ್ ಬಾರದು ಅಷ್ಟೆ ಎಂದು ಯೋಲೆಟ್ ಮೂರು ಸಲ ಅಲ್ಲಿಗೆ ಹೋಗಿ ಹೇಳಿ ಬಂದಿದ್ದಳು. ಈಗ ಹುಡುಗಿ ಅದೇ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಇದನ್ನೇ ಬರೆದುಕೊಡು, ಲಕೂಗೆ ಬಂದ ಮೇಲೆ ಚೆನ್ನಾಗಿದ್ದೇನೆ ಎಂದು ಬರೆ, ಎಂದು ಯೋಲೆಟ್ ಕೇಳಿಕೊಂಡಳು. ಜಾಗದ ವಿಷಯವನ್ನೂ ಹೇಳಿದಳು.

ಕ್ಲೆರ್ಮಿಜ್ ಪೆನ್ನು ತೆಗೆದುಕೊಂಡಳು. ಹಾಳೆ ಓದಿದಳು. ಪೆನ್ನು ವಾಪಸು ಇಟ್ಟಳು.

“ಯೋಲೆಟಕ್ಕ, ಈ ನೆಲ ಪೂರ್ತಿ ಒರೆಸು ಅನ್ನಿ, ಒರೆಸ್ತೀನಿ. ಚೆನ್ನಾಗಿದ್ದೀನಿ ಅಂತ ಕೈಯಾರೆ ಬರ್ದು ಕೆಳಗೆ ಹೆಸರು ಹಾಕು ಅನ್ಬೇಡಿ. ನನ್ ತಂಗಿ ಊರಲ್ಲಿ ಗುಂಡಿನ ಹೆದರಿಕೆಗೆ ಮನೆ ಬಿಟ್ಟು ಸ್ಕೂಲಿನ ಬೆಂಚಿನ ಮೇಲೆ ಮಲಗ್ತಿದ್ದಾಳೆ. ಭಾನುವಾರ ಅವಳಿಗೆ ಯಾವ ಬಾಯಲ್ಲಿ ಫೋನ್ ಮಾಡ್ಲಿ?”

ಮಗಳ ವಿಷಯವನ್ನಷ್ಟೇ ಬರೆದರೂ ಸಾಕು ಎಂದಳು ಯೋಲೆಟ್. ಅದನ್ನು ಬರೆದ ಮರುದಿನವೇ ಮಗಳಿಗೆ ಏನಾದರೂ ಆದರೆ, ಎಂದಳು ಕ್ಲೆರ್ಮಿಜ್. ತಾನೂ ಹಾಗೆ ಬರೆಯುತ್ತಿರಲಿಲ್ಲವೆಂದು ಯೋಲೆಟ್‌ಗೆ ಗೊತ್ತಿತ್ತು. ಏಳು ಗಂಟೆಯ ಹೊತ್ತಿಗೆ ಹೊಸ ಹಾಳೆಗಳಲ್ಲಿ ಬರೆದವರು ಐವರು. ಐವರೂ ಬರೆದದ್ದು ಅದೇ ಮಾತು. ಒಬ್ಬ ಮಾತ್ರ ಅದರ ಪಕ್ಕದಲ್ಲಿ ‘ದೇವರ ದಯೆ’ ಎಂದು ಸೇರಿಸಿದ್ದ.

ಬಾಗಿಲು ಹಾಕುವ ಮುನ್ನ ಅವಳು ಒಕ್ಕೂಟದ ಕೆಟ್ಲಿ ಎಂಬುವಳಿಗೆ ಫೋನ್ ಮಾಡಿದಳು. ಬುಧವಾರದ ಪಾಠ ಹೇಳುತ್ತಿದ್ದವಳು ಅವಳೇ. ತಂದೆತಾಯಿ ಹೈಟಿಯ ಲೆ ಕಾಯ್ ಕಡೆಯವರು, ಹುಟ್ಟಿ ಬೆಳೆದದ್ದು ಬಾಸ್ಟನ್ನಿನಲ್ಲಿ. ಕ್ರಿಯೋಲನ್ನು ಕೇಳಿದರೆ ಅರ್ಥವಾಗುತ್ತದೆ, ಓದಲು ತಡವರಿಸುತ್ತಾಳೆ. ತನಗಿಂತ ದೊಡ್ಡವರನ್ನು ಮಾತ್ರ ತಪ್ಪದೆ ಮತಾಂತ್ ಎಂದು, ಅತ್ತೆ ಚಿಕ್ಕಮ್ಮಂದಿರನ್ನು ಕರೆಯುವಂತೆ ಕರೆಯುತ್ತಾಳೆ. ಯೋಲೆಟ್ ತಪ್ಪು ತನ್ನದೇ ಎಂದು ಮೂರು ಸಲ ಹೇಳಿ ವಿವರಿಸಿದಳು.

“ನಮ್ಮಮ್ಮನೂ ಹಾಗೇ ಅಂತಾಳೆ, ಮತಾಂತ್. ನಂಗೆ ಹೊಳೀಬೇಕಿತ್ತು,” ಎಂದಳು ಕೆಟ್ಲಿ. ಆಮೇಲೆ, ಅಂಕಿ ತಾನು ತಿದ್ದಲಾಗದು, ಆದರೆ ಅನುವಾದ ತಪ್ಪಿದ್ದರೆ ಭಾಷೆ ಬಲ್ಲವರೊಬ್ಬರು ಪ್ರತಿ ಹಾಳೆಯ ಹಿಂದೆ ಸರಿಯಾದ ಅರ್ಥ ಬರೆದು ಸಹಿ ಮಾಡಿಕೊಡಬಹುದು, ಗುರುವಾರ ಮಧ್ಯಾಹ್ನದೊಳಗೆ ಆಗಬೇಕು ಎಂದು ತಿಳಿಸಿದಳು. “ನೀವೇ ಬರೀರಿ. ಅವ್ರು ಹೇಳಿದ್ದರ ಅರ್ಥ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಈ ಕೊನೆಯ ಮಾತು ಯೋಲೆಟ್‌ಳನ್ನು ಮನೆವರೆಗೂ ಬಿಡಲಿಲ್ಲ.

ಬುಧವಾರ ಹತ್ತು ಗಂಟೆಗೆ ಮಿಸೆಸ್ ಗ್ರೋವರ್ ಟೀವಿಯ ಮುಂದೆ ತೂಕಡಿಸತೊಡಗಿದ ಮೇಲೆ ಅವಳು ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿದಳು. ಮೊದಲನೆಯದನ್ನು ಮಗುಚಿ ‘ಬಹಳ ಸುಧಾರಿಸಿದೆ’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದಳು. ಎರಡನೆಯದಕ್ಕೂ ಅದನ್ನೇ ಬರೆದಳು. ಕೈ ತಾನಾಗೇ ಓಡಿತು. ಒಂಬತ್ತು, ಹತ್ತು, ಹನ್ನೊಂದು. ಹೀಗೇ ಹೋದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಎರಡು ಕೋಣೆಯೂ ಸಿಗುತ್ತಿದ್ದವು.

ಹನ್ನೆರಡನೆಯದು ವಿಲ್ನೋರ್‌ನದು. ಊರಿನಲ್ಲಿ ಮೇಷ್ಟರಾಗಿದ್ದವನು, ಇಲ್ಲಿ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಾನೆ. ಹೆಂಡತಿ ಅಲ್ಲೇ ಉಳಿದಿದ್ದಾಳೆ, ಇವನಿಗೆ ಇಲ್ಲಿ ಉಳಿಯುವ ಕಾಗದಪತ್ರ ಇನ್ನೂ ತೀರ್ಮಾನವಾಗಿಲ್ಲ. ಪ್ರತಿ ಗುರುವಾರ ಬಂದು ಗೋಡೆಯ ಪಕ್ಕದ ಹೀಟರಿನ ಬಳಿ ಕೋಟು ಬಿಚ್ಚದೆ ಕೂರುತ್ತಾನೆ. ಚಹಾ ಕೊಟ್ಟರೆ ಕುಡಿಯುತ್ತಾನೆ, ಮರೆತರೆ ಕೇಳುವುದಿಲ್ಲ. ಹಾಳೆಯ ಮೇಲೆ ಅವನ ಅಕ್ಷರ ಕಪ್ಪುಹಲಗೆಯ ಮೇಲೆ ಬರೆದಂತೆ ದುಂಡಗಿತ್ತು. ಪಾ ಪಿ ಮಾಲ್. ಅವನಿಗೆ ಏನೂ ಚೆನ್ನಾಗಿಲ್ಲವೆಂದು ಯೋಲೆಟ್‌ಗೆ ಗೊತ್ತಿತ್ತು. ಕಳೆದ ವರ್ಷಕ್ಕಿಂತ ಈಗ ಮಾತು ಇನ್ನೂ ಕಡಿಮೆಯಾಗಿದೆ.

ಅವಳು ಪೆನ್ನು ಹಿಡಿದು ಕೂತಳು. ವಿಲ್ನೋರ್‌ನ ಮಾತಿನ ಅರ್ಥ ತನಗೆ ಗೊತ್ತು ಎನ್ನುವುದಾದರೆ ಉಳಿದವರದೂ ಗೊತ್ತಿರಬೇಕು. ಗೊತ್ತಿಲ್ಲವೆಂದರೆ ಈ ಹನ್ನೊಂದು ಸಹಿಗಳು ಸುಳ್ಳು. ವಿಲ್ನೋರ್‌ನ ಹಾಳೆಯ ಹಿಂದೆ ‘ಚೆನ್ನಾಗಿಲ್ಲ’ ಎಂದು ಬರೆದಳು. ಬರೆದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಹನ್ನೊಂದು ಹಾಳೆಗಳ ಮೇಲೂ ಬಿಳಿ ಪಟ್ಟಿ ಅಂಟಿಸಿ, ಒಬ್ಬೊಬ್ಬರ ಮುಖವನ್ನೂ ಕಣ್ಣ ಮುಂದೆ ತಂದುಕೊಂಡು, ಮೊದಲಿನಿಂದ ಶುರುಮಾಡಿದಳು. ಕ್ಲೆರ್ಮಿಜ್‌ಳ ಹಾಳೆಯ ಹಿಂದೆ, ಮಗಳು ಅದೇ ತರಗತಿಯಲ್ಲಿ ಉಳಿದಳು ಎಂದಷ್ಟೇ ಬರೆದಳು. ಇನ್ನೊಬ್ಬಳದಕ್ಕೆ, ಮೊದಲು ಒಬ್ಬಳೇ ಬಸ್ಸು ಹತ್ತುತ್ತಿರಲಿಲ್ಲ, ಈಗ ಹತ್ತುತ್ತಾಳೆ. ಮತ್ತೊಬ್ಬನದಕ್ಕೆ, ನನಗೆ ಗೊತ್ತಿಲ್ಲ, ಮೇಲಿನ ಮಾತು ಅಭ್ಯಾಸದಿಂದ ಬರೆದದ್ದಿರಬಹುದು.

ನಡುವೆ ಮಿಸೆಸ್ ಗ್ರೋವರ್ ಎಚ್ಚೆತ್ತು, ಹೇಗಿದ್ದೀಯ ಮಗು ಎಂದರು. ಯೋಲೆಟ್ ತಲೆ ಎತ್ತದೆ, ಚೆನ್ನಾಗಿದ್ದೀನಿ, ತುಂಬ ಚೆನ್ನಾಗಿದ್ದೀನಿ ಎಂದಳು. ಆರು ವರ್ಷದಿಂದ ದಿನಾ ಬೆಳಿಗ್ಗೆ ಈ ಮನೆಯಲ್ಲಿ ಅವಳು ಅದನ್ನೇ ಹೇಳುತ್ತ ಬಂದಿದ್ದಳು. ಇಂಗ್ಲಿಷಿನಲ್ಲಿ ಹಾಗೆನ್ನಲು ಅವಳಿಗೆ ಭಯವಾಗುತ್ತಿರಲಿಲ್ಲ. ಅದು ಕೆಲಸದ ಉಡುಪಿನಂತೆ, ಎರಡು ಗಂಟೆಗೆ ಬಿಚ್ಚಿಡುವಂಥದ್ದು.

ಕೊನೆಗೆ ಲೆಕ್ಕ ಹಾಕಿದಾಗ ಮೂವತ್ತೊಂದು ಜನರಿಗೆ ಒಳ್ಳೆಯದಾಗಿತ್ತು. ಒಂಬತ್ತು ಜನರದು ಅವಳಿಗೆ ತಿಳಿಯದು. ಆರು ಜನ ಚೆನ್ನಾಗಿರಲಿಲ್ಲ. ಆ ಆರನ್ನು ಕಟ್ಟಿನ ಅಡಿಯಲ್ಲಿಟ್ಟಳು. ಆಮೇಲೆ ಅದೂ ಒಂದು ಬಗೆಯ ಕಳ್ಳತನವೆನಿಸಿ ಮತ್ತೆ ಎಲ್ಲವನ್ನೂ ಕಲಸಿದಳು.

ಗುರುವಾರ ಮೂರು ಗಂಟೆಗೆ ಕೆಟ್ಲಿಯ ಜೊತೆ ಆರೋಗ್ಯ ಕೇಂದ್ರದ ಮುಖ್ಯಸ್ಥೆ ಮಿಸೆಸ್ ಫ್ಯಾಲನ್ ಬಂದರು. ಹಿಂದೆ ನರ್ಸಾಗಿದ್ದವರಂತೆ. ನಡೆಯುವಾಗ ಈಗಲೂ ಸದ್ದಾಗದ ಷೂ. ಮೆಟ್ಟಿಲು ಎಷ್ಟೆಂದು ಎಣಿಸಿದರು, ಕುರ್ಚಿ ಎಷ್ಟೆಂದು ಕೇಳಿದರು, ಓಡಿಲೋನ್‌ನ ಶುಂಠಿ ಚಹಾ ಕುಡಿದು ಕಣ್ಣಲ್ಲಿ ನೀರು ಬಂದರೂ ಲೋಟ ಕೆಳಗಿಡಲಿಲ್ಲ. ಅವರ ಕೋಟಿನ ತೋಳು ಒಂದು ಬೆರಳು ಉದ್ದವಾಯಿತು ಎಂದು ಓಡಿಲೋನ್ ಕ್ರಿಯೋಲಿನಲ್ಲಿ ಗೊಣಗಿದ. ಅನುವಾದ ಮಾಡಬೇಡ ಎಂಬಂತೆ ಯೋಲೆಟ್ ಕೆಟ್ಲಿಯತ್ತ ನೋಡಿದಳು. ಆಮೇಲೆ ಮಿಸೆಸ್ ಫ್ಯಾಲನ್ ಹಾಳೆಗಳ ಕಟ್ಟು ತೆಗೆದುಕೊಂಡು ಕೂತು, ಹಿಂಬದಿಗಳನ್ನು ಓದುತ್ತ ಹೋದರು. ಹೆಚ್ಚಿನವನ್ನು ಬೇಗ ಬೇಗ ಮಗುಚಿದರು. ಕೆಲವನ್ನು ಪಕ್ಕಕ್ಕೆ ತೆಗೆದಿಟ್ಟರು. ಆರು ಹಾಳೆಗಳೆಂದು ಯೋಲೆಟ್ ದೂರದಿಂದಲೇ ಎಣಿಸಿದಳು.

“ಈ ಆರು ಜನರಿಗೆ ನೀವೇನು ಮಾಡ್ತಿದ್ದೀರಿ?” ಎಂದು ಮಿಸೆಸ್ ಫ್ಯಾಲನ್ ಕೇಳಿದರು.

ಹೇಳಬಹುದಾದ ಮಾತುಗಳು ಯೋಲೆಟ್‌ಗೆ ಗೊತ್ತಿದ್ದವು. ನೋಟ್ಸಿನಲ್ಲಿ ಎರಡು ಪುಟ ತುಂಬ ಇದ್ದವು. ಆದರೆ ವಿಲ್ನೋರ್ ಹತ್ತು ಅಡಿ ದೂರದಲ್ಲಿ ಕೋಟು ಹಾಕಿಕೊಂಡು ಕೂತಿದ್ದ.

“ಗೊತ್ತಿಲ್ಲ,” ಎಂದಳು. “ಅವ್ರು ಬರ್ತಾರೆ. ಅವ್ರ ಕುರ್ಚೀಲಿ ಬೇರೆಯೋರು ಕೂರದ ಹಾಗೆ ನೋಡ್ಕೋತೀವಿ. ಎರಡು ವಾರ ಬರ್ಲಿಲ್ಲ ಅಂದ್ರೆ ಮನೆಗೆ ಹೋಗಿ ಬಾಗಿಲು ತಟ್ತೀವಿ. ಅಷ್ಟೇ ನಮಗೆ ಬರೋದು.”

ಮಿಸೆಸ್ ಫ್ಯಾಲನ್ ಅದನ್ನು ಬರೆದುಕೊಂಡರೋ ಇಲ್ಲವೋ ಕಾಣಲಿಲ್ಲ. ಧನ್ಯವಾದ ಹೇಳಿ ಎದ್ದರು. ಅವರು ಹೋದ ಮೇಲೆ ಯೋಲೆಟ್ ಶೌಚಾಲಯಕ್ಕೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡು, ಹಾಗೆ ಹೇಳಬಾರದಿತ್ತು ಎಂದು ಬಹಳ ಹೊತ್ತು ನಲ್ಲಿಯ ಮುಂದೆ ನಿಂತಿದ್ದಳು.

ಸೋಮವಾರ ಕಾಗದ ಬಂತು. ಎರಡಲ್ಲ, ಒಂದು ಕೋಣೆ. ಡಿಸೆಂಬರಿನವರೆಗೆ, ಆಮೇಲೆ ನೋಡೋಣ ಎಂದು. ಕೇಂದ್ರದ ನರ್ಸೊಬ್ಬರು ವಾರಕ್ಕೊಮ್ಮೆ ಬಂದು ಆ ಆರು ಜನರೊಡನೆ, ಅವರಿಗಿಷ್ಟವಿದ್ದರೆ, ಮಾತಾಡುತ್ತಾರೆ. ಮಧ್ಯಾಹ್ನಗಳಲ್ಲಿ ಅಲ್ಲಿ ಮಕ್ಕಳ ಚಿಕಿತ್ಸೆ ನಡೆಯುವುದರಿಂದ ಲಕೂ ಮಂಗಳವಾರ, ಗುರುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ.

ಬೆಳಿಗ್ಗೆ ಏಳರಿಂದ ಎರಡರವರೆಗೆ ಯೋಲೆಟ್ ಮಿಸೆಸ್ ಗ್ರೋವರ್ ಮನೆಯಲ್ಲಿರುತ್ತಾಳೆ. ಅದನ್ನು ಬಿಡುವಂತಿಲ್ಲ. ಸಮಯ ಬದಲಿಸಲು ಸಾಧ್ಯವೇ ಎಂದು ಕೆಟ್ಲಿಯನ್ನು ಕೇಳಿದಳು. ಸಾಧ್ಯವಿಲ್ಲವೆಂದು ಕೆಟ್ಲಿ ಮೆಲ್ಲಗೆ ಹೇಳಿದಳು, ತಾನು ಆಗಲೇ ಎರಡು ಸಲ ಕೇಳಿ ನೋಡಿದ್ದೇನೆ ಎಂದೂ ಹೇಳಿದಳು.

“ನೀವಿಲ್ದೆ ಇದ್ರೂ ಸಂಸ್ಥೆ ನಡೀಬೇಕು ಅಂತ ಐದನೇ ಪಾಠದಲ್ಲೇ ಹೇಳಿದ್ದೆನಲ್ಲ, ಮತಾಂತ್. ನೀವು ಬರ್ಕೊಂಡ್ರಿ ಕೂಡ.”

ಬರೆದುಕೊಂಡಿದ್ದಳು. ಕೆಂಪು ಅಡಿಗೆರೆ ಹಾಕಿದ್ದಳು. ಆದರೆ ಅದು ಬೇರೆ ಯಾರದೋ ಸಂಸ್ಥೆಯ ಮಾತು ಎಂದು ಆಗ ಅನಿಸಿತ್ತು.

ಜೂನ್ ಪೂರ್ತಿ ಅವಳು ಓಡಿಲೋನ್‌ಗೂ ಕ್ಲೆರ್ಮಿಜ್‌ಗೂ ಕಲಿಸಿದಳು. ಯಾವ ಅರ್ಜಿ ಯಾವ ಡ್ರಾಯರಿನಲ್ಲಿದೆ, ಯಾರಿಗೆ ಯಾವ ಕಾಗದ ಓದಿ ಹೇಳುವಾಗ ದನಿ ತಗ್ಗಿಸಬೇಕು. ಕ್ಲೆರ್ಮಿಜ್ ಹೋಟೆಲಿನಲ್ಲಿ ಸಂಜೆಯ ಪಾಳಿಗೆ ಬದಲಾಯಿಸಿಕೊಂಡಳು. ಅದಕ್ಕಾಗಿ ಏನು ಕಳೆದುಕೊಂಡಳೆಂದು ಹೇಳಲಿಲ್ಲ, ಯೋಲೆಟ್ ಕೇಳಲೂ ಇಲ್ಲ. ಓಡಿಲೋನ್ ಪ್ರತಿ ಪಾಠಕ್ಕೂ, ಆಯ್ತು ಮೇಷ್ಟ್ರೇ, ಎನ್ನುತ್ತಿದ್ದ. ತಿಂಗಳ ಕೊನೆಯ ದಿನ ಮೂವರೂ ಸೇರಿ ಕುರ್ಚಿಗಳನ್ನು ವ್ಯಾನಿಗೆ ಏರಿಸಿದರು. ಹೀಟರಿನ ಪಕ್ಕದ ಕುರ್ಚಿಯ ಅಡಿಗೆ ಯೋಲೆಟ್ ಬಟ್ಟೆಯ ತುಂಡು ಕಟ್ಟಿ ಗುರುತು ಮಾಡಿದಳು.

ಹೊಸ ಜಾಗದ ಮೊದಲ ಮಂಗಳವಾರ ಅವಳು ಮಿಸೆಸ್ ಗ್ರೋವರ್‌ಗೆ ಸ್ನಾನ ಮಾಡಿಸಿದಳು, ಮಾತ್ರೆ ಕೊಟ್ಟಳು, ಗಂಜಿ ಈ ಸಲ ಸರಿಯಾಗಿ ಆರಿತು. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಫೋನ್ ಮಾಡಬಾರದೆಂದು ನಿಶ್ಚಯಿಸಿದ್ದಳು. ಹತ್ತೂಕಾಲಿಗೆ ಮಾಡಿದಳು.

ಬಹಳ ಹೊತ್ತು ಯಾರೂ ಎತ್ತಲಿಲ್ಲ. ಆಮೇಲೆ ಎತ್ತಿದವನು ಓಡಿಲೋನ್. ಅವನ ಹಿಂದೆ ತುಂಬ ದನಿಗಳಿದ್ದವು. ಕುರ್ಚಿ ಎಳೆಯುವ ಸದ್ದು, ಒಂದು ಮಗುವಿನ ಅಳು, ಕ್ಲೆರ್ಮಿಜ್ ಯಾರಿಗೋ ಸಾಲಿನಲ್ಲಿ ನಿಲ್ಲಿ ಎನ್ನುತ್ತಿದ್ದಂತಿತ್ತು, ಅಥವಾ ಜಗಳವಾಡುತ್ತಿದ್ದಂತಿತ್ತು.

“ಹೇಗಿದೆ ಅಲ್ಲಿ?” ಎಂದಳು ಯೋಲೆಟ್.

“ಪಾ ಪಿ ಮಾಲ್,” ಎಂದ ಓಡಿಲೋನ್. ಇನ್ನೇನೋ ಹೇಳಲು ಹೊರಟವನನ್ನು ಯಾರೋ ಕರೆದರು. ಫೋನ್ ಕಟ್ಟಾಯಿತು.

ಅವಳು ಫೋನನ್ನು ಕೈಯಲ್ಲೇ ಹಿಡಿದು ನಿಂತಳು. ನಲವತ್ತಾರು ಹಾಳೆಗಳ ಹಿಂದೆ ಅರ್ಥ ಬರೆದು ಸಹಿ ಹಾಕಿದವಳು. ಅವನ ದನಿಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಂಡಳು, ಮೊದಲ ಪದ ತುಸು ಎಳೆದನೇ, ಕೊನೆಯದು ಇಳಿಯಿತೇ ಎಂದು. ಏನೂ ತಿಳಿಯಲಿಲ್ಲ. ಒಳಗಿನಿಂದ ಮಿಸೆಸ್ ಗ್ರೋವರ್ ಕರೆದರು. ಅವಳು ಫೋನನ್ನು ಜೇಬಿಗೆ ಹಾಕಿ, ಬಂದೆ ಎಂದಳು.